ಸ್ನಾಯುಕ್ಷಯದ ಮಕ್ಕಳ ಬಹುತಜ್ಞ ಕ್ಲಿನಿಕ್: ಕೊಪ್ಪಳದಿಂದ ಒಂಬತ್ತು ಸಲ ಹೋಗಿಬಂದ ಮೇಲೆ

ನನ್ನ ಮಗನಿಗೆ ಡುಶೆನ್ ಸ್ನಾಯುಕ್ಷಯವಿದೆ. ಅವನಿಗೆ ಈಗ ಹನ್ನೊಂದು ವರ್ಷ. ಇಂತಹ ಮಕ್ಕಳಿಗೆಂದೇ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ನಡೆಯುವ ಬಹುತಜ್ಞ ಕ್ಲಿನಿಕ್ಕಿಗೆ ನಾವು ನಾಲ್ಕು ವರ್ಷಗಳಲ್ಲಿ ಒಂಬತ್ತು ಸಲ ಹೋಗಿ ಬಂದಿದ್ದೇವೆ. ಆ ಸೇವೆ ಹೇಗಿದೆ, ಅದರಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಇದೇ ದಾರಿಯಲ್ಲಿ ಹೊರಟಿರುವ ಬೇರೆ ತಂದೆ ತಾಯಂದಿರಿಗಾಗಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಹೇಳಲಿರುವ ಕೊರತೆಗಳಲ್ಲಿ ಹೆಚ್ಚಿನವು ಆ ಒಂದು ಕಟ್ಟಡಕ್ಕೆ ಸೇರಿದವುಗಳಲ್ಲ, ಮತ್ತು ಅಲ್ಲಿ ದುಡಿಯುವ ವೈದ್ಯರು ಇದನ್ನು ತಮ್ಮ ಮೇಲಿನ ದೂರೆಂದು ಓದುವುದು ನನಗೆ ಇಷ್ಟವಿಲ್ಲ.

ಇಂತಹ ಕ್ಲಿನಿಕ್ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ನಮಗೂ ಅದು ತಿಳಿಯಲು ಮೂರು ವರ್ಷ ಹಿಡಿಯಿತು. ಸ್ನಾಯುವಿನ ಜೀವಕೋಶಗಳು ಪ್ರತಿ ಸಲ ಬಿಗಿಯುವಾಗಲೂ ಸಡಿಲುವಾಗಲೂ ಹರಿಯದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳ ದೇಹದಲ್ಲಿ ತಯಾರಾಗುವುದಿಲ್ಲ. ಸುಮಾರು 3500ರಿಂದ 5000 ಗಂಡುಮಕ್ಕಳಲ್ಲಿ ಒಬ್ಬನಿಗೆ ಹೀಗಾಗುತ್ತದೆ. ಮೊದಲು ಸೊಂಟ ಮತ್ತು ತೊಡೆಯ ಸ್ನಾಯುಗಳು ಸೋಲುತ್ತವೆ, ಹತ್ತು ಹನ್ನೆರಡರ ಹೊತ್ತಿಗೆ ನಡಿಗೆ ನಿಲ್ಲುತ್ತದೆ, ಆಮೇಲೆ ತೋಳು, ಬೆನ್ನು, ಉಸಿರಾಟದ ಸ್ನಾಯುಗಳು. ಹೃದಯವೂ ಸ್ನಾಯುವೇ ಆದ್ದರಿಂದ ಅದನ್ನೂ ಈ ಕಾಯಿಲೆ ಬಿಡುವುದಿಲ್ಲ. ಹಾಗಾಗಿ ನರರೋಗ ತಜ್ಞರೊಬ್ಬರಿಂದಲೇ ಕೆಲಸ ಮುಗಿಯುವುದಿಲ್ಲ. ಹೃದಯ, ಶ್ವಾಸಕೋಶ, ಮೂಳೆ, ಹಾರ್ಮೋನು, ವಂಶವಾಹಿ, ಫಿಜಿಯೋಥೆರಪಿ, ಆಹಾರ, ಮನಸ್ಸು ಎಲ್ಲವನ್ನೂ ಒಟ್ಟಿಗೆ ನೋಡುವವರು ಬೇಕಾಗುತ್ತದೆ. 2010ರಲ್ಲಿ ಹೊರಬಂದು 2018ರಲ್ಲಿ ಪರಿಷ್ಕರಣೆಗೊಂಡ ಅಂತಾರಾಷ್ಟ್ರೀಯ ಆರೈಕೆ ಮಾರ್ಗಸೂಚಿ ಹೇಳುವುದೂ ಇದನ್ನೇ.

ನಮ್ಮ ಮಗ ನಾಲ್ಕನೆಯ ವಯಸ್ಸಿನಲ್ಲಿ ತುದಿಗಾಲಿನಲ್ಲಿ ನಡೆಯುತ್ತಿದ್ದ, ಓಡುವಾಗ ಬೀಳುತ್ತಿದ್ದ, ನೆಲದಿಂದ ಏಳುವಾಗ ಮೊಣಕಾಲು ಹಾಗೂ ತೊಡೆಗಳ ಮೇಲೆ ಕೈಯೂರಿ ತನ್ನ ಮೈಯನ್ನೇ ತಾನು ಹತ್ತುವವನಂತೆ ಮೇಲೇಳುತ್ತಿದ್ದ. ಅವನ ಮೀನಖಂಡಗಳು ದಪ್ಪವಾಗಿದ್ದವು. ಊರಿನ ಹಿರಿಯರು ಅವನ್ನು ಮುಟ್ಟಿ ನೋಡಿ, ‘ಪೈಲ್ವಾನ್ ಆಗ್ತಾನ ನೋಡವ್ವ’ ಎಂದು ಸಂತೋಷಪಡುತ್ತಿದ್ದರು. ಇವೆರಡೂ ಈ ಕಾಯಿಲೆಯ ಹಳೆಯ ಗುರುತುಗಳೆಂಬುದು, ಕೈಯೂರಿ ಏಳುವ ಆ ರೀತಿಯನ್ನು ಇಂಗ್ಲೆಂಡಿನ ಗವರ್ಸ್ ಎಂಬ ವೈದ್ಯರು 1879ರಲ್ಲಿಯೇ ವಿವರಿಸಿದ್ದರೆಂಬುದು ನಮಗೆ ಬಹಳ ತಡವಾಗಿ ತಿಳಿಯಿತು. ಜ್ವರಕ್ಕೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಾಗಿ ಕಂಡವು. ಯಕೃತ್ತಿಗೆ ತೊಂದರೆಯಾಗಿದೆ ಎಂದು ಒಂದು ಕಡೆ ಒಂದೂವರೆ ವರ್ಷ ಔಷಧ ಕೊಟ್ಟರು, ಮನೆಯ ಹಿರಿಯರು ಕಾಮಾಲೆಯ ನಾಟಿ ಔಷಧವನ್ನೂ ಕುಡಿಸಿದರು. ಆ ಎರಡು ಕಿಣ್ವಗಳು ಯಕೃತ್ತಿನಿಂದ ಮಾತ್ರವಲ್ಲ, ಒಡೆದ ಸ್ನಾಯುವಿನಿಂದಲೂ ರಕ್ತಕ್ಕೆ ಬರುತ್ತವೆ. ಅಂದೇ ಸ್ನಾಯು ಒಡೆಯುತ್ತಿದೆಯೇ ಎಂದು ತೋರಿಸುವ ಸಿಪಿಕೆ ಎಂಬ ಇನ್ನೊಂದು ಸಾಮಾನ್ಯ ಪರೀಕ್ಷೆಯನ್ನು ಬರೆದಿದ್ದರೆ ವಿಷಯ ಅಲ್ಲಿಗೇ ತಿಳಿಯುತ್ತಿತ್ತು. ಮಗನಿಗೆ ಏಳು ತುಂಬಿದ ಮೇಲೆ ಆ ಪರೀಕ್ಷೆಯಾಯಿತು. ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿರಬೇಕಾದ ಅಂಕಿ 14,000 ಇತ್ತು. ಕಳೆದುಹೋದ ಆ ಮೂರು ವರ್ಷಗಳಿಗೆ ನಾನು ಯಾರೊಬ್ಬರ ಹೆಸರನ್ನೂ ಹೇಳುವುದಿಲ್ಲ, ಆದರೆ ಅವು ಸಣ್ಣ ನಷ್ಟವಲ್ಲ, ಏಕೆಂದರೆ ನಡಿಗೆಯನ್ನು ಒಂದೆರಡು ವರ್ಷವಾದರೂ ಮುಂದಕ್ಕೆ ಎಳೆಯುವ ಸ್ಟಿರಾಯ್ಡನ್ನು ಮಗುವಿನ ಶಕ್ತಿ ಇಳಿಮುಖವಾಗುವ ಮೊದಲೇ ಆರಂಭಿಸಬೇಕೆಂಬುದು ಇಂದಿನ ವೈದ್ಯರ ಒಮ್ಮತ.

ಇನ್ನು ಕ್ಲಿನಿಕ್ಕಿನ ದಿನದ ಬಗ್ಗೆ. ಬೆಳಿಗ್ಗೆ ಎಂಟಕ್ಕೆ ಚೀಟಿ ಕೊಡುತ್ತಾರೆ. ಮೊದಲು ಫಿಜಿಯೋಥೆರಪಿಯವರು ಮಗುವಿನ ಹಿಮ್ಮಡಿ, ಮೊಣಕಾಲು, ಸೊಂಟದ ಕೀಲುಗಳು ಎಷ್ಟು ಬಾಗುತ್ತವೆ, ಎಷ್ಟು ಚಾಚುತ್ತವೆ ಎಂದು ಅಳೆಯುತ್ತಾರೆ. ನಡೆಯುವ ಮಕ್ಕಳನ್ನು ಆರು ನಿಮಿಷ ನಡೆಸಿ ದೂರ ಬರೆದುಕೊಳ್ಳುತ್ತಾರೆ. ಆ ಕಾಗದ ಹಿಡಿದು ನರರೋಗ ತಜ್ಞರ ಬಳಿ ಹೋದರೆ ಅವರು ಹಿಂದಿನ ಸಲದ ಅಳತೆಯ ಪಕ್ಕದಲ್ಲಿ ಈ ಸಲದ್ದನ್ನು ಇಟ್ಟು ನೋಡಿ, ತೂಕಕ್ಕೆ ತಕ್ಕಂತೆ ಸ್ಟಿರಾಯ್ಡಿನ ಪ್ರಮಾಣವನ್ನು ಹೊಂದಿಸುತ್ತಾರೆ. ನಮ್ಮ ಮಗನಿಗೆ ಕೊಡುವುದು ಡೆಫ್ಲಝಕಾರ್ಟ್, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.9 ಮಿಲಿಗ್ರಾಂ ಲೆಕ್ಕದಲ್ಲಿ. ನಂತರ ಹೃದಯದ ಎಕೋ, ಊದುವ ಯಂತ್ರದಲ್ಲಿ ಶ್ವಾಸಕೋಶದ ಶಕ್ತಿಯ ಅಳತೆ, ವರ್ಷಕ್ಕೊಮ್ಮೆ ಬೆನ್ನೆಲುಬಿನ ಎಕ್ಸ್‌ರೇ, ವಿಟಮಿನ್ ಡಿ, ಕಣ್ಣಿನ ಪೊರೆಯ ತಪಾಸಣೆ. ಎಲ್ಲವೂ ಒಂದೇ ದಿನದಲ್ಲಿ, ಒಂದೇ ಆವರಣದಲ್ಲಿ ಮುಗಿಯುತ್ತವೆ. ಇದಕ್ಕೂ ಮೊದಲು ಇದೇ ತಪಾಸಣೆಗಳಿಗಾಗಿ ನಾವು ಹುಬ್ಬಳ್ಳಿ, ಬಳ್ಳಾರಿ, ಬೆಂಗಳೂರು ಎಂದು ಮೂರು ಊರುಗಳ ನಡುವೆ ಅಲೆದಿದ್ದೆವು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿರಲಿಲ್ಲ. ಇಲ್ಲಿಯ ಶುಲ್ಕವೂ ನಮ್ಮಂಥವರ ಕೈಗೆ ಎಟುಕುವಂತಿದೆ.

ಎಂಟು ಜನ ತಜ್ಞರಿಗಿಂತ ಅವರು ಒಬ್ಬರೊಡನೊಬ್ಬರು ಮಾತಾಡಿಕೊಳ್ಳುವುದೇ ಈ ಕ್ಲಿನಿಕ್ಕಿನ ನಿಜವಾದ ಬೆಲೆ. ಒಂದು ಉದಾಹರಣೆ ಹೇಳುತ್ತೇನೆ. ಮಗನಿಗೆ ಹತ್ತು ತುಂಬುವ ಹೊತ್ತಿಗೆ ಎಕೋ ಸರಿಯಾಗಿಯೇ ಇತ್ತು. ಆದರೂ ಹೃದಯ ತಜ್ಞರು ಎನಲಾಪ್ರಿಲ್ ಮಾತ್ರೆ ಆರಂಭಿಸಿದರು, ಏಕೆಂದರೆ ಎಕೋದಲ್ಲಿ ದೋಷ ಕಾಣುವ ಮೊದಲೇ, ಹತ್ತನೆಯ ವಯಸ್ಸಿನ ಹೊತ್ತಿಗೆ ಇಂತಹ ಔಷಧ ಕೊಟ್ಟರೆ ಹೃದಯ ಹೆಚ್ಚು ಕಾಲ ತಾಳುತ್ತದೆ. ಅದು ರಕ್ತದೊತ್ತಡಕ್ಕೆ ಕೊಡುವ ಹಳೆಯ, ಅಗ್ಗದ ಮಾತ್ರೆ. ಕೊಪ್ಪಳದ ಯಾವ ಔಷಧದಂಗಡಿಯಲ್ಲಾದರೂ ಸಿಗುತ್ತದೆ. ಅದನ್ನು ಈ ಮಗುವಿಗೆ ಇಂದೇ ಕೊಡಬೇಕೆಂದು ಗೊತ್ತಿರುವವರು ಮಾತ್ರ ನಾಲ್ಕುನೂರು ಕಿಲೋಮೀಟರಿಗೂ ಆಚೆ ಇದ್ದಾರೆ. ಫಿಜಿಯೋಥೆರಪಿಯಲ್ಲೂ ಹಾಗೆಯೇ ಆಯಿತು. ಕಾಲಿಗೆ ಬಲ ಬರಲೆಂದು ಬಸ್ಕಿ ಹೊಡೆಸಿ, ಮೆಟ್ಟಿಲು ಹತ್ತಿಸಿ ಇಳಿಸಿ ಎಂದು ಊರಿನಲ್ಲಿ ಸಲಹೆ ಕೊಟ್ಟವರೇ ಹೆಚ್ಚು, ನಾವೂ ಒಂದು ವರ್ಷ ಹಾಗೆ ಮಾಡಿಸಿದೆವು. ಭಾರದ ವ್ಯಾಯಾಮ ಈ ಸ್ನಾಯುಗಳನ್ನು ಕಟ್ಟುವುದಿಲ್ಲ, ಹರಿಯುತ್ತದೆ ಎಂದು ಮೊದಲ ದಿನವೇ ಇಲ್ಲಿ ಹೇಳಿ, ಬದಲಿಗೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವನ್ನು ದಿನಕ್ಕೆರಡು ಸಲ ಹೇಗೆ ಎಳೆದು ಹಿಡಿಯಬೇಕೆಂದು ನನ್ನ ಕೈ ಹಿಡಿದು ತೋರಿಸಿದರು. ರಾತ್ರಿ ಹಾಕಿಕೊಳ್ಳುವ ಕಾಲ್ಪಟ್ಟಿಗೆ ಅಚ್ಚು ತೆಗೆದುಕೊಂಡರು. ಹಿಂದಿನ ಒಂದು ವರ್ಷದ ಬಸ್ಕಿಗಳನ್ನು ನೆನೆದು ಅಂದು ನಾನು ಅಲ್ಲಿಯೇ ಅತ್ತೆ. ಆ ಹುಡುಗಿ, ಅಂದರೆ ಫಿಜಿಯೋಥೆರಪಿಸ್ಟ್, ಕೆಲಸ ನಿಲ್ಲಿಸಿ ನನ್ನ ಪಕ್ಕದಲ್ಲಿ ಕುಳಿತುಕೊಂಡದ್ದನ್ನು ನಾನು ಮರೆಯಲಾರೆ.

ವಂಶವಾಹಿ ಸಮಾಲೋಚನೆಯ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕು. ನನ್ನನ್ನು ಮದುವೆಯಾದವರು ನನ್ನ ಸೋದರಮಾವ. ನಮ್ಮ ಕಡೆ ಇದು ಹೊಸದೇನಲ್ಲ. ಮಗನ ಕಾಯಿಲೆಗೆ ಹೆಸರು ಸಿಕ್ಕಿದ ದಿನದಿಂದ, ರಕ್ತಸಂಬಂಧದಲ್ಲಿ ಕೊಟ್ಟದ್ದಕ್ಕೇ ಹೀಗಾಯಿತೆಂದು ಮನೆಯಲ್ಲಿಯೂ ಹೊರಗೂ ಹೇಳಿದವರಿಗೆ ಲೆಕ್ಕವಿಲ್ಲ. ನನ್ನ ಅವ್ವ ಆ ಮಾತಿಗೆ ಕುಗ್ಗಿಹೋಗಿದ್ದಳು. ಸಮಾಲೋಚಕಿ ನಮ್ಮಿಬ್ಬರನ್ನೂ ಅವ್ವನನ್ನೂ ಒಟ್ಟಿಗೆ ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಮೂರು ತಲೆಮಾರಿನ ಚಿತ್ರ ಬರೆದರು. ಡಿಸ್ಟ್ರೋಫಿನ್ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡುಮಗುವಿಗೆ ಅದು ತಾಯಿಯಿಂದ ಮಾತ್ರ ಬರುತ್ತದೆ, ತಂದೆ ಕೊಡುವುದು ವೈ ವರ್ಣತಂತುವನ್ನು. ಆದ್ದರಿಂದ ನಾನು ಮಾವನನ್ನು ಮದುವೆಯಾಗದೆ ಬೇರೆ ಊರಿನ, ಬೇರೆ ಬಳಗದ ಯಾರನ್ನೇ ಮದುವೆಯಾಗಿದ್ದರೂ ಈ ಸಾಧ್ಯತೆ ಇಷ್ಟೇ ಇರುತ್ತಿತ್ತು ಎಂದು ಅವರು ಹೇಳಿದರು. ಸೊಂಟ ಮತ್ತು ಭುಜದ ಸ್ನಾಯುಗಳನ್ನು ಹಿಡಿಯುವ ಕೆಲವು ಬೇರೆ ಬಗೆಯ ಸ್ನಾಯುಕ್ಷಯಗಳಲ್ಲಿ ರಕ್ತಸಂಬಂಧದ ಮದುವೆಗೆ ನಿಜವಾಗಿಯೂ ಪಾತ್ರವಿದೆ, ಆದರೆ ಇದರಲ್ಲಿ ಇಲ್ಲ. ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ಈ ದೋಷ ತಾಯಿಯಲ್ಲಿಯೂ ಇರುವುದಿಲ್ಲ, ಹೊಸದಾಗಿಯೇ ಉಂಟಾಗಿರುತ್ತದೆ ಎಂದೂ ತಿಳಿಸಿದರು. ನಮ್ಮ ಮಟ್ಟಿಗೆ ಪರೀಕ್ಷೆ ನಾನು ವಾಹಕಿ ಎಂದು ಹೇಳಿತು. ಅದನ್ನು ಹೇಳಿದ ರೀತಿಯಲ್ಲಿ ಆರೋಪದ ಸುಳಿವೂ ಇರಲಿಲ್ಲ. ವಾಹಕಿಯರಿಗೂ ಹೃದಯದ ತೊಂದರೆ ಬರಬಹುದೆಂದು ಹೇಳಿ ಅಂದೇ ನನ್ನ ಎಕೋವನ್ನೂ ಮಾಡಿಸಿದರು. ಅದುವರೆಗೆ ಯಾವ ವೈದ್ಯರೂ ನನ್ನ ಹೃದಯದ ಬಗ್ಗೆ ಕೇಳಿರಲಿಲ್ಲ.

ಆಮೇಲೆ ನನ್ನ ಮಗನ ವರದಿಯನ್ನು ಬಿಡಿಸಿ ಹೇಳಿದರು. ಎಂಎಲ್‌ಪಿಎ ಎಂಬ ವಂಶವಾಹಿ ಪರೀಕ್ಷೆಯಲ್ಲಿ, 79 ಎಕ್ಸಾನುಗಳಿರುವ, ಅಂದರೆ 79 ತುಂಡುಗಳಿರುವ ಆ ವಂಶವಾಹಿಯಲ್ಲಿ 45ರಿಂದ 50ರವರೆಗಿನ ತುಂಡುಗಳು ಇಲ್ಲವೆಂದು ಕಂಡಿತ್ತು. ಇನ್ನೂ ಹೆಚ್ಚು ತುಂಡುಗಳು ಕಳೆದುಹೋದ ಕೆಲವರಿಗೆ ಬೆಕ್ಕರ್ ಎಂಬ ಸೌಮ್ಯವಾದ ಬಗೆ ಬರುತ್ತದೆ, ನಮ್ಮವನಿಗೆ ಏಕೆ ತೀವ್ರವಾದದ್ದು ಬಂತು ಎಂಬುದು ನನ್ನ ಪ್ರಶ್ನೆಯಾಗಿತ್ತು. ದೇಹವು ವಂಶವಾಹಿಯನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತದೆ ಎಂದು ಅವರು ಹೇಳಿದೊಡನೆ, ನಾನು ಕನ್ನಡ ಶಿಕ್ಷಕಿಯಾದ್ದರಿಂದ, ಉಳಿದದ್ದು ತಾನಾಗಿಯೇ ತಿಳಿಯಿತು. ಭೋಗ ಷಟ್ಪದಿಯಲ್ಲಿ ಮೂರು ಮೂರು ಮಾತ್ರೆಯ ಗಣಗಳಿರುತ್ತವೆ. ನಡುವೆ ಒಂದೆರಡು ಗಣಗಳು ಪೂರ್ತಿಯಾಗಿ ಬಿದ್ದುಹೋದರೆ ಸಾಲು ಮೊಟಕಾಗುತ್ತದೆ, ಆದರೂ ಉಳಿದದ್ದಕ್ಕೆ ಪ್ರಸ್ತಾರ ಹಾಕಬಹುದು, ಲಯ ಇರುತ್ತದೆ. ಒಂದೇ ಒಂದು ಮಾತ್ರೆ ಬಿದ್ದರೆ ಅಲ್ಲಿಂದಾಚೆಗೆ ಯಾವ ಗಣವೂ ಕೂಡುವುದಿಲ್ಲ. ಬೆಕ್ಕರ್ ಮಕ್ಕಳಲ್ಲಿ ಗಣಗಳು ಬಿದ್ದಿವೆ, ನಮ್ಮವನಲ್ಲಿ ಮಾತ್ರೆ ತಪ್ಪಿದೆ. ಸಮಾಲೋಚಕಿ ಈ ಹೋಲಿಕೆಯನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಇದನ್ನೆಲ್ಲ ಕನ್ನಡದಲ್ಲಿ, ನಲವತ್ತು ನಿಮಿಷ, ಒಮ್ಮೆಯೂ ಗಡಿಯಾರ ನೋಡದೆ ಅವರು ವಿವರಿಸಿದರು. ಮನೆಗೆ ಬಂದ ಮೇಲೆ ಅವ್ವ ಆ ಹಾಳೆಯನ್ನು ದೇವರ ಗೂಡಿನಲ್ಲಿ ಮಡಚಿಟ್ಟಳು. ಈಗ ಯಾರಾದರೂ ಹಳೆಯ ಮಾತೆತ್ತಿದರೆ ಅದನ್ನು ತೆಗೆದು ತೋರಿಸುತ್ತಾಳೆ. ನನ್ನ ತಂಗಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕಿದೆ. ಅವಳ ಅತ್ತೆಮನೆಯವರು ಇನ್ನೂ ಒಪ್ಪಿಲ್ಲ.

ಹೊಸ ಚಿಕಿತ್ಸೆಗಳ ಬಗ್ಗೆ ಈ ಕ್ಲಿನಿಕ್ಕಿನವರು ತೋರಿದ ಪ್ರಾಮಾಣಿಕತೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ನನ್ನ ಮಗನಂತಹವರಲ್ಲಿ 51ನೆಯ ಎಕ್ಸಾನನ್ನು ಓದದೆ ದಾಟಿಸಿ ಲಯವನ್ನು ಮತ್ತೆ ಕೂಡಿಸುವ ಎಟೆಪ್ಲಿರ್ಸೆನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ಅದು ಉಂಟುಮಾಡುವ ಡಿಸ್ಟ್ರೋಫಿನ್ ಬಹಳ ಕಡಿಮೆ, ಖರ್ಚು ವರ್ಷಕ್ಕೆ ಕೋಟಿಗಳಲ್ಲಿ, ವಾರವಾರವೂ ಜೀವಮಾನವಿಡೀ ಕೊಡಬೇಕು ಎಂಬುದನ್ನು ಅವರು ಮುಚ್ಚಿಡಲಿಲ್ಲ. 2023ರಲ್ಲಿ ಅನುಮತಿ ಪಡೆದ ವಂಶವಾಹಿ ಚಿಕಿತ್ಸೆಗಾಗಿ ಹಣ ಕೂಡಿಸಬೇಕೆಂದು ಹೊರಟಿದ್ದ ಕುಟುಂಬವೊಂದಕ್ಕೆ, ಆ ಚಿಕಿತ್ಸೆ ಪಡೆದ ನಡೆಯಲಾಗದ ಇಬ್ಬರು ಹುಡುಗರು 2025ರಲ್ಲಿ ಯಕೃತ್ತು ವಿಫಲಗೊಂಡು ತೀರಿಕೊಂಡ ವಿಷಯವನ್ನು ನನ್ನೆದುರಿಗೇ ತಾಳ್ಮೆಯಿಂದ ತಿಳಿಸಿದರು. ಆಕರಕೋಶ ಚಿಕಿತ್ಸೆ, ಅಂದರೆ ಸ್ಟೆಮ್ ಸೆಲ್ ಎಂದು ಜಾಹೀರಾತು ಕೊಟ್ಟು ಲಕ್ಷಗಟ್ಟಲೆ ವಸೂಲಿ ಮಾಡುವ ಕಡೆಗಳಿಗೆ ಹೋಗಬೇಡಿ, ಸ್ನಾಯುಕ್ಷಯಕ್ಕೆ ಅದು ನಮ್ಮ ದೇಶದಲ್ಲಿ ಅನುಮೋದಿತ ಚಿಕಿತ್ಸೆಯಲ್ಲ ಎಂದು ಅಲ್ಲಿಯ ಹಿರಿಯ ವೈದ್ಯರು ಪ್ರತಿಯೊಂದು ಕುಟುಂಬಕ್ಕೂ ಹೇಳುತ್ತಾರೆ. ಹೊಲ ಮಾರಿ ಅಂತಹ ಕಡೆಗೆ ಹೋಗಿ ಬಂದ ಇಬ್ಬರು ತಂದೆಯರನ್ನು ನಾನು ಅಲ್ಲಿಯ ಬೆಂಚಿನ ಮೇಲೆಯೇ ಕಂಡಿದ್ದೇನೆ.

ಈಗ ಕೊರತೆಗಳಿಗೆ ಬರುತ್ತೇನೆ. ಒಂದು ಭೇಟಿಗೂ ಇನ್ನೊಂದು ಭೇಟಿಗೂ ನಡುವಿನ ಆರು ತಿಂಗಳು ನಾವು ಒಬ್ಬಂಟಿಗಳು, ಇದಕ್ಕಿಂತ ದೊಡ್ಡ ಕೊರತೆಯಿಲ್ಲ. ಹೋದ ಮಳೆಗಾಲದಲ್ಲಿ ಮಗನಿಗೆ ಜ್ವರ, ವಾಂತಿ ಆರಂಭವಾಯಿತು. ತಾಲ್ಲೂಕು ಕೇಂದ್ರದ ಖಾಸಗಿ ಆಸ್ಪತ್ರೆಯಲ್ಲಿ, ‘ಇಷ್ಟ್ ಸಣ್ಣ ಹುಡುಗಗ ಸ್ಟಿರಾಯ್ಡ್ ಕೊಡ್ತಾರೇನ್ರಿ ಅಕ್ಕಾರ’ ಎಂದು ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡ ದೇಹದಲ್ಲಿ ಅಡ್ರಿನಲ್ ಗ್ರಂಥಿ ತಾನಾಗಿ ಆ ಹಾರ್ಮೋನನ್ನು ಒದಗಿಸುವುದನ್ನು ಬಿಟ್ಟಿರುತ್ತದೆ. ಕಾಯಿಲೆ ಬಿದ್ದಾಗ ಪ್ರಮಾಣವನ್ನು ಹೆಚ್ಚಿಸಬೇಕೇ ಹೊರತು ಥಟ್ಟನೆ ನಿಲ್ಲಿಸಬಾರದು. ಎರಡನೆಯ ದಿನ ಮಗ ಬಾಡಿದ ಬಳ್ಳಿಯಂತಾದ, ರಕ್ತದೊತ್ತಡ ಇಳಿಯಿತು. ಕ್ಲಿನಿಕ್ಕಿನ ಚೀಟಿಯ ಮೇಲಿದ್ದ ದೂರವಾಣಿಗೆ ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಕರೆ ಮಾಡಿದೆ, ಯಾರೂ ಎತ್ತಲಿಲ್ಲ. ಕೊನೆಗೆ ತಾಯಂದಿರ ವಾಟ್ಸ್‌ಆಪ್ ಗುಂಪಿನಲ್ಲಿದ್ದ ಹಾಸನದ ಅಕ್ಕ ಒಬ್ಬರು ತಮ್ಮ ಮಗನಿಗೆ ಹಿಂದೆ ಹೀಗೆಯೇ ಆದಾಗ ಬರೆದುಕೊಟ್ಟ ಚೀಟಿಯ ಫೋಟೋ ಕಳಿಸಿದರು. ಅದನ್ನು ತೋರಿಸಿದ ಮೇಲೆ, ಬೇರೊಂದು ಆಸ್ಪತ್ರೆಯಲ್ಲಿದ್ದ ಯುವ ವೈದ್ಯರು ಓದಿ ನೋಡಿ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟರು. ಸಂಜೆಯ ಹೊತ್ತಿಗೆ ಮಗ ಕಣ್ಣುಬಿಟ್ಟು ಮಾತಾಡಿದ. ಇಷ್ಟೆಲ್ಲ ಪರಿಣತಿಯಿರುವ ಸೇವೆಯೊಂದು ನನ್ನ ಮಗನ ಜೀವಕ್ಕೆ ಕುತ್ತು ಬಂದ ದಿನ ಒಂದು ಕರೆಯಷ್ಟೂ ದೂರಕ್ಕೆ ಎಟುಕಲಿಲ್ಲವೆಂಬುದನ್ನು ನೋವಿನಿಂದಲೇ ದಾಖಲಿಸುತ್ತೇನೆ.

ಮುಂದಿನ ಭೇಟಿಯಲ್ಲಿ ಇದನ್ನು ಹೇಳಿದಾಗ ಅವರು ವಾದಿಸಲಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಒಂದು ಪುಟದ ತುರ್ತು ಪತ್ರ ಬರೆದುಕೊಟ್ಟರು: ಸ್ಟಿರಾಯ್ಡ್ ನಿಲ್ಲಿಸಬಾರದು, ಮೂಳೆ ಮುರಿದ ಮೇಲೆ ಉಸಿರಾಟ ಕೆಟ್ಟರೆ, ಗೊಂದಲದಿಂದ ಮಾತಾಡಿದರೆ ಕೊಬ್ಬಿನ ಕಣಗಳು ರಕ್ತನಾಳಕ್ಕೆ ಸೇರಿರಬಹುದೆಂದು ಶಂಕಿಸಬೇಕು, ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಸಕ್ಸಿನೈಲ್‌ಕೋಲಿನ್ ಬಳಸಲೇಬಾರದು, ಉಸಿರಾಟದ ಸ್ನಾಯುಗಳು ಸೋತಿರುವಾಗ ಬರೀ ಆಮ್ಲಜನಕ ಕೊಟ್ಟು ಕೂರಬಾರದು, ಉಸಿರಾಟಕ್ಕೇ ಯಂತ್ರದ ನೆರವು ಬೇಕಾಗಬಹುದು. ಈ ಪತ್ರವನ್ನು ಮೊದಲ ಭೇಟಿಯಲ್ಲಿಯೇ ಪ್ರತಿಯೊಂದು ಕುಟುಂಬಕ್ಕೂ ಕೊಡಬೇಕಿತ್ತು. ಈಗಲೂ ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಆದ್ದರಿಂದ ಕೇಳಿ, ಲ್ಯಾಮಿನೇಟ್ ಮಾಡಿಸಿ, ಗಾಲಿಕುರ್ಚಿಯ ಹಿಂದಿನ ಚೀಲದಲ್ಲಿಡಿ.

ಎರಡನೆಯ ಕೊರತೆ ದೂರ. ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ಪ್ರಯಾಣ. ಮಗ ನಡೆಯುತ್ತಿದ್ದಾಗ ಅದು ಕಷ್ಟವೆನಿಸಿರಲಿಲ್ಲ. ಅವನ ನಡಿಗೆ ನಿಂತದ್ದು ಹತ್ತೂವರೆ ವಯಸ್ಸಿನಲ್ಲಿ. ಸ್ಟಿರಾಯ್ಡಿನಿಂದ ತೂಕವೂ ಹೆಚ್ಚಿದೆ, ಈಗ 42 ಕಿಲೋ. ನಮ್ಮ ಮನೆಯವರು ಅವನನ್ನು ಎತ್ತಿಕೊಂಡು ಬೋಗಿಯ ಆ ಕಡಿದಾದ ಮೆಟ್ಟಿಲು ಹತ್ತುತ್ತಾರೆ, ನಾನು ಕೆಳಗಿನಿಂದ ಕಾಲುಗಳನ್ನು ಹಿಡಿಯುತ್ತೇನೆ. ಓಡುವ ರೈಲಿನ ಶೌಚಾಲಯದಲ್ಲಿ ಅವನನ್ನು ಕೂರಿಸುವುದು ಸಾಧ್ಯವಿಲ್ಲ, ಹಾಗಾಗಿ ಸಂಜೆಯಿಂದಲೇ ಅವನು ನೀರು ಕುಡಿಯುವುದನ್ನು ಬಿಡುತ್ತಾನೆ. ಹೀಗೆ ರಾತ್ರಿಯಿಡೀ ನೀರಿಲ್ಲದೆ, ಮಗ್ಗುಲಾಗಲು ನಾಲ್ಕು ಸಲ ನನ್ನನ್ನು ಎಬ್ಬಿಸಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದ ಮಗುವಿನ ಶ್ವಾಸಕೋಶದ ಶಕ್ತಿಯನ್ನು ಅಂದೇ ಅಳೆಯುತ್ತಾರೆ. ಆ ಅಂಕಿಯಲ್ಲಿ ಕಾಯಿಲೆಯ ಪಾಲೆಷ್ಟು, ಪ್ರಯಾಣದ ಆಯಾಸದ ಪಾಲೆಷ್ಟು ಎಂದು ನಾನು ಒಮ್ಮೆ ಕೇಳಿದೆ. ವೈದ್ಯರು ಪ್ರಶ್ನೆ ಸರಿಯಾದದ್ದೆಂದು ಒಪ್ಪಿಕೊಂಡು, ಅಂದಿನಿಂದ ನಮ್ಮ ಮಗನ ಊದುವ ಪರೀಕ್ಷೆಯನ್ನು ಊಟ, ವಿಶ್ರಾಂತಿ ಆದ ಮೇಲೆ ಮಧ್ಯಾಹ್ನಕ್ಕೆ ಇಡಿಸಿದ್ದಾರೆ. ಆದರೆ ವಿಶ್ರಾಂತಿಗೆ ಅಲ್ಲಿ ಜಾಗವಿಲ್ಲ. ಕೂರಲು ಬೆಂಚುಗಳಿವೆ, ಬೆನ್ನು ಸೋತ ಮಗುವನ್ನು ಮಲಗಿಸಲು ಒಂದು ಮಂಚವೂ ಇಲ್ಲ. ಗಾಲಿಕುರ್ಚಿ ಒಳಗೆ ತಿರುಗುವಷ್ಟು ಅಗಲದ ಶೌಚಾಲಯ ಇನ್ನೊಂದು ಕಟ್ಟಡದಲ್ಲಿದೆ. ಸ್ನಾಯುವಿಲ್ಲದ ಮಕ್ಕಳಿಗಾಗಿಯೇ ನಡೆಯುವ ಕ್ಲಿನಿಕ್ಕಿನಲ್ಲಿ ಇದು ಕ್ಷಮಿಸಲಾಗದ ಲೋಪವೆಂದೇ ನನಗನಿಸುತ್ತದೆ, ಏಕೆಂದರೆ ಇದನ್ನು ಸರಿಪಡಿಸಲು ತಜ್ಞರು ಬೇಕಿಲ್ಲ, ಒಬ್ಬ ಗಾರೆ ಕೆಲಸದವರೂ ಒಬ್ಬ ಬಡಗಿಯೂ ಸಾಕು.

ನಾನು ಸಂಬಳದ ನೌಕರಳು, ನನಗೆ ರಜೆಯಿದೆ. ಯಾದಗಿರಿಯಿಂದ ಬರುವ ಒಬ್ಬ ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುವವರು. ಒಂದು ಭೇಟಿಗೆ ಮೂರು ದಿನದ ಕೂಲಿ ಇಬ್ಬರದ್ದೂ ಹೋಗುತ್ತದೆ, ಅದಕ್ಕಾಗಿ ಸುಗ್ಗಿಯ ಕಾಲದ ಭೇಟಿಯನ್ನು ಅವರು ಪ್ರತಿ ವರ್ಷ ತಪ್ಪಿಸುತ್ತಾರೆ. ಅವರ ಮಗನ ಹೃದಯ ಆ ಆರು ತಿಂಗಳಲ್ಲಿ ಹೇಗಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಎಕೋ ಯಂತ್ರ ಕಲಬುರಗಿಯಲ್ಲಿದೆ, ಹುಬ್ಬಳ್ಳಿಯಲ್ಲಿದೆ. ಊದುವ ಯಂತ್ರವೂ ಇದೆ. ಅಲ್ಲಿಯೇ ತಪಾಸಣೆ ಮಾಡಿಸಿ ವರದಿಯನ್ನು ಬೆಂಗಳೂರಿನ ತಂಡ ದೂರದಿಂದಲೇ ನೋಡಿ ಸಲಹೆ ಕೊಡುವ ಏರ್ಪಾಡು, ಅಥವಾ ವರ್ಷಕ್ಕೆರಡು ಸಲ ಆ ತಂಡವೇ ಉತ್ತರಕ್ಕೆ ಬರುವ ಏರ್ಪಾಡು ಮಾಡುವುದು ಅಸಾಧ್ಯವೇನಲ್ಲ. ಬೇಕಾದದ್ದೆಲ್ಲ ಎಂಟು ಜನರ ಎರಡು ದಿನ.

ಕಾಗದಪತ್ರಗಳ ಬಗ್ಗೆ ಕೆಲವು ಮಾತು. ಕ್ಲಿನಿಕ್ಕಿನ ಸಮಾಜಕಾರ್ಯಕರ್ತರು ನಮಗೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಬೇಕಾದ ವರದಿಯನ್ನು ತಕ್ಷಣ ಮಾಡಿಕೊಟ್ಟರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸ್ನಾಯುಕ್ಷಯವನ್ನು ಹೆಸರಿಸಿಯೇ ಸೇರಿಸಲಾಗಿದೆ, ಆದ್ದರಿಂದ ಯಾವ ಕಚೇರಿಯಲ್ಲಾದರೂ ‘ಇದು ಪಟ್ಟಿಯಲ್ಲಿಲ್ಲ’ ಎಂದರೆ ಒಪ್ಪಬೇಡಿ. ಆದರೆ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಲು ಹೋಗಿ ಸಮಯ ಕಳೆಯಬೇಡಿ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ವೈಕಲ್ಯ ಇರುವವರಿಗೆ ಮಾತ್ರ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಡುಶೆನ್ ಮೂರನೆಯ ಗುಂಪಿನಲ್ಲಿದೆ, ಅಂದರೆ ಚಿಕಿತ್ಸೆ ಇದ್ದರೂ ಬಹಳ ದುಬಾರಿಯಾದ ಮತ್ತು ಜೀವನಪರ್ಯಂತ ಬೇಕಾದ ಕಾಯಿಲೆಗಳ ಗುಂಪು. 2022ರಲ್ಲಿ ಎಲ್ಲ ಗುಂಪುಗಳಿಗೂ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿದರು. ಅದನ್ನು ನಿಯೋಜಿತ ಉತ್ಕೃಷ್ಟತಾ ಕೇಂದ್ರಗಳ ಮೂಲಕವೇ ಪಡೆಯಬೇಕು. ಕರ್ನಾಟಕದಲ್ಲಿ ಆ ಹೊಣೆಯನ್ನು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಗೆ ಒಟ್ಟಾಗಿ ವಹಿಸಲಾಗಿದೆ. ಎಕ್ಸಾನ್ ದಾಟಿಸುವ ಔಷಧದ ಒಂದು ವರ್ಷದ ಖರ್ಚಿಗೂ ಆ ಮೊತ್ತ ಸಾಲದು ಎಂಬುದನ್ನು ಮರೆಯದೆ, ಹೆಸರನ್ನಂತೂ ನೋಂದಾಯಿಸಿ. ಯಾವುದಾದರೂ ಔಷಧ ಪ್ರಯೋಗ ಆರಂಭವಾದಾಗ ಮಗುವಿನ ವಂಶವಾಹಿ ವರದಿ ಎಲ್ಲೋ ಒಂದು ಕಡೆ ದಾಖಲಾಗಿರಬೇಕು.

ಹದಿನೆಂಟು ದಾಟಿದ ಹುಡುಗರನ್ನು ಮುಂದೆ ಎಲ್ಲಿಗೆ ಕಳಿಸಬೇಕೆಂಬುದಕ್ಕೆ ಈ ಕ್ಲಿನಿಕ್ಕಿನಲ್ಲಿ ಸರಿಯಾದ ಉತ್ತರವಿಲ್ಲ. ರಾತ್ರಿ ಮುಖವಾಡದ ಮೂಲಕ ಉಸಿರಾಟಕ್ಕೆ ನೆರವಾಗುವ ಯಂತ್ರ, ಕೆಮ್ಮಲು ನೆರವಾಗುವ ಯಂತ್ರ ಇವುಗಳಿಂದಾಗಿ ಹಿಂದೆ ಇಪ್ಪತ್ತರೊಳಗೆ ತೀರಿಕೊಳ್ಳುತ್ತಿದ್ದ ಹುಡುಗರು ಈಗ ಮೂವತ್ತರಾಚೆಗೂ ಬದುಕುತ್ತಿದ್ದಾರೆ. ಅವರು ಮಕ್ಕಳ ವಿಭಾಗದಿಂದ ಹೊರಬಿದ್ದ ಮೇಲೆ ಮತ್ತೆ ಹೃದಯಕ್ಕೊಂದು ಕಡೆ, ಶ್ವಾಸಕೋಶಕ್ಕೊಂದು ಕಡೆ ಅಲೆಯುತ್ತಾರೆ. ನಮಗೆ ಇನ್ನೂ ಏಳು ವರ್ಷವಿದೆ, ಅಷ್ಟರಲ್ಲಿ ಏನಾದರೂ ಏರ್ಪಾಡಾಗಲಿ ಎಂದು ಪ್ರತಿ ಸಲವೂ ಸಲಹಾ ಪುಸ್ತಕದಲ್ಲಿ ಬರೆದು ಬರುತ್ತೇನೆ.

ಇಷ್ಟೆಲ್ಲ ಕೊರತೆಗಳಿದ್ದರೂ, ಡುಶೆನ್ ಎಂದು ಗೊತ್ತಾದ, ಅಥವಾ ಅನುಮಾನವಾದರೂ ಬಂದ ಪ್ರತಿಯೊಂದು ಕುಟುಂಬವೂ ಇಂತಹ ಬಹುತಜ್ಞ ಕ್ಲಿನಿಕ್ಕಿಗೆ ಒಮ್ಮೆ ಹೋಗಲೇಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹೋಗುವಾಗ ಹಳೆಯ ಎಲ್ಲ ರಕ್ತಪರೀಕ್ಷೆಗಳ ಪ್ರತಿ, ಲಸಿಕೆಯ ಕಾರ್ಡು, ಮಗು ನೆಲದಿಂದ ಏಳುವ, ಮೆಟ್ಟಿಲು ಹತ್ತುವ ಒಂದು ನಿಮಿಷದ ವೀಡಿಯೊ ಜೊತೆಯಲ್ಲಿರಲಿ. ಜೀವಂತ ವೈರಾಣುವಿನ ಲಸಿಕೆಗಳೇನಾದರೂ ಬಾಕಿಯಿದ್ದರೆ ಸ್ಟಿರಾಯ್ಡಿಗೆ ಮೊದಲೇ ಹಾಕಿಸಬೇಕಾಗುತ್ತದೆ. ಡೆಫ್ಲಝಕಾರ್ಟ್ ಊರಿನ ಅಂಗಡಿಗಳಲ್ಲಿ ಸದಾ ಸಿಗುವುದಿಲ್ಲ, ಮೂರು ತಿಂಗಳದ್ದನ್ನು ಅಲ್ಲಿಂದಲೇ ತನ್ನಿ. ತಾಯಿಯೊಂದಿಗೆ ಅವಳ ಅಕ್ಕತಂಗಿಯರು ಬರಲು ಸಾಧ್ಯವಾದರೆ ಕರೆತನ್ನಿ, ರಕ್ತದ ಮಾದರಿಯನ್ನು ಅದೇ ದಿನ ಕೊಡಬಹುದು. ಮಗುವಿಗೆ ಹೊದೆಯಲು ಒಂದು ದುಪ್ಪಟಿ, ಮಲಗಿಸಲು ಒಂದು ಚಾಪೆ ಬೇಕು. ಹಿಂದಿರುಗುವ ಟಿಕೆಟನ್ನು ಸಂಜೆಯ ರೈಲಿಗೆ ಮಾಡಿಸಬೇಡಿ. ಊದುವ ಪರೀಕ್ಷೆ ಮುಗಿದು ಔಷಧದ ಸರದಿ ಬರುವಷ್ಟರಲ್ಲಿ ಐದು ದಾಟಿರುತ್ತದೆ, ರಾತ್ರಿಯ ರೈಲಿನಲ್ಲಿ ಕೆಳಗಿನ ಬರ್ತನ್ನೇ ಕೇಳಿ ಪಡೆಯಿರಿ.